ಬೀದಿಯ ಅಂಗಡಿ: ವ್ಯಾಪಾರಿಯ ಹೊಣೆ, ಗಿರಾಕಿಯ ಹೊಣೆ

ಕೊಳ್ಳೇಗಾಲ ತಾಲೂಕಿನ ಧನಗೆರೆಯಂತಹ ಒಂದು ಊರಿನ ಸಾಧಾರಣ ಕುಟುಂಬವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮನೆಯ ಯಜಮಾನ ರೇಷ್ಮೆ ಹುಳು ಸಾಕುತ್ತಾನೆ. ಗೂಡು ಮಾರಾಟವಾಗುವ ತನಕ ಅವನ ಕೈಯಲ್ಲಿ ಕಾಸಿರುವುದಿಲ್ಲ. ಆದರೆ ಒಲೆ ಮಾತ್ರ ದಿನವೂ ಉರಿಯಬೇಕು. ಅಕ್ಕಿ, ಬೇಳೆ, ಎಣ್ಣೆ, ಸೋಪು ಎಲ್ಲವೂ ಬೀದಿಯ ಮೂಲೆಯ ಅಂಗಡಿಯಿಂದ ಬರುತ್ತದೆ. ಮಗುವಿನ ಕೈಯಲ್ಲಿ ಒಂದು ಚೀಟಿ ಕೊಟ್ಟು ಕಳುಹಿಸಿದರೆ ಸಾಕು, ಅಂಗಡಿಯವರು ಸಾಮಾನು ಕಟ್ಟಿಕೊಟ್ಟು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಬಡ್ಡಿ ಇಲ್ಲ, ಜಾಮೀನು ಇಲ್ಲ, ಸಹಿ ಇಲ್ಲ.

ಒಂದು ದಿನ ಗೂಡು ಮಾರಿ ಹಣ ಬರುತ್ತದೆ. ಅಂದು ಇಡೀ ಕುಟುಂಬ ಬಸ್ಸು ಹತ್ತಿ ಪೇಟೆಯ ದೊಡ್ಡ ಮಳಿಗೆಗೆ ಹೋಗುತ್ತದೆ. ತಣ್ಣನೆಯ ಗಾಳಿ, ಸಾಲುಸಾಲು ದೀಪಗಳು, ಕೈಯಾರೆ ಆರಿಸಿಕೊಳ್ಳುವ ಸಂತೋಷ, ಒಂದು ಕೊಂಡರೆ ಇನ್ನೊಂದು ಉಚಿತ ಎಂಬ ಫಲಕ. ತಳ್ಳುಗಾಡಿ ತುಂಬುತ್ತದೆ, ಜೇಬು ಖಾಲಿಯಾಗುತ್ತದೆ. ಸಂಜೆ ಹಿಂದಿರುಗುವಾಗ ಬೀದಿಯ ಅಂಗಡಿಯ ಮುಂದೆ ಹಾದು ಹೋಗಲೇಬೇಕು. ಆಗ ಯಜಮಾನ ಮುಖ ಒಂದು ಕಡೆ ತಿರುಗಿಸಿ, "ಬರೋ ವಾರ ಕೊಡ್ತೀನಿ ಭಾಯ್" ಎನ್ನುತ್ತಾನೆ.

ಇದು ನಮ್ಮಲ್ಲಿ ಅನೇಕರ ಮನೆಯ ಕಥೆ. ಹಣ ಇಲ್ಲದಾಗ ನೆನಪಾಗುವುದು ಬೀದಿಯ ಅಂಗಡಿ, ಹಣ ಬಂದಾಗ ಕಾಲು ಎಳೆಯುವುದು ದೊಡ್ಡ ಮಳಿಗೆಯ ಕಡೆಗೆ. ಹೀಗೆ ಒಂದು ಕಡೆ ನಗದು, ಇನ್ನೊಂದು ಕಡೆ ಬರೀ ಸಾಲದ ಪುಸ್ತಕ ಉಳಿಯುತ್ತದೆ. ಪುಸ್ತಕವನ್ನು ಕೊಟ್ಟು ಸಗಟು ವ್ಯಾಪಾರಿಯಿಂದ ಸರಕು ತರಲಾಗುವುದಿಲ್ಲ. ಒಂದು ದಿನ ಅಂಗಡಿಯ ಬಾಗಿಲು ಮುಚ್ಚುತ್ತದೆ. ಆಗ ನಾವು "ಕಾಲ ಬದಲಾಯಿತು" ಎನ್ನುತ್ತೇವೆ. ನಿಜವಾಗಿಯೂ ಬದಲಾದದ್ದು ಕಾಲವೋ, ನಾವೋ? ಈ ಪ್ರಶ್ನೆಯನ್ನು ಇಸ್ಲಾಮಿನ ಬೆಳಕಿನಲ್ಲಿ ಪರಿಶೀಲಿಸೋಣ.

ದೊಡ್ಡ ಮಳಿಗೆಗಳು ಬಂದ ದಾರಿ

ನಮ್ಮ ದೇಶದಲ್ಲಿ ಈ ಬದಲಾವಣೆ ಒಂದೇ ದಿನದಲ್ಲಿ ಆದುದಲ್ಲ. ಚೆನ್ನೈಯ ಸುಭಿಕ್ಷಾ 1997ರಲ್ಲಿ ಆರಂಭವಾಯಿತು. ಬಿಗ್ ಬಜಾರ್ 2001ರಲ್ಲಿ ಬಂದಿತು. 2003ರಲ್ಲಿ ಜರ್ಮನಿಯ ಮೆಟ್ರೋ ಕಂಪೆನಿಯು ಭಾರತದಲ್ಲಿ ತನ್ನ ಮೊದಲ ಸಗಟು ಮಳಿಗೆಯನ್ನು ನಮ್ಮ ಬೆಂಗಳೂರಿನಲ್ಲೇ ತೆರೆಯಿತು. 2012ರಲ್ಲಿ ಕೇಂದ್ರ ಸರಕಾರವು ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇ. 51ರ ತನಕ ವಿದೇಶಿ ಬಂಡವಾಳಕ್ಕೆ ಒಪ್ಪಿಗೆ ನೀಡಿತು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್, ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್‌ನ ಬಹುಪಾಲನ್ನು 1,600 ಕೋಟಿ ಡಾಲರ್ ತೆತ್ತು ಕೊಂಡಿತು. ಈಗಂತೂ ನಗರಗಳಲ್ಲಿ ಹತ್ತು ಹದಿನೈದು ನಿಮಿಷಗಳಲ್ಲಿ ಕೊತ್ತಂಬರಿ ಸೊಪ್ಪನ್ನೂ ಮನೆಬಾಗಿಲಿಗೆ ತಂದುಕೊಡುವ ಕಂಪೆನಿಗಳಿವೆ.

ಇವು ಕಡಿಮೆ ಬೆಲೆಗೆ ಹೇಗೆ ಮಾರುತ್ತವೆ? ಬೀದಿಯ ಅಂಗಡಿಗೆ ಬರುವ ಒಂದು ಸೋಪು ಕಾರ್ಖಾನೆಯಿಂದ ವಿತರಕನ ಕೈಗೆ, ಎಷ್ಟೋ ಸಲ ಅಲ್ಲಿಂದ ಸಗಟು ವ್ಯಾಪಾರಿಯ ಕೈಗೆ ಬಂದು ಆಮೇಲೆ ಅಂಗಡಿಗೆ ತಲುಪುತ್ತದೆ. ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಪಾಲು. ದೊಡ್ಡ ಮಳಿಗೆಯಾದರೋ ಲಾರಿಗಟ್ಟಲೆ ಸರಕನ್ನು ಕಾರ್ಖಾನೆಯಿಂದಲೇ ಕೊಳ್ಳುತ್ತದೆ. ಆದ್ದರಿಂದ ಅದು ಗಿರಾಕಿಗೆ ಮಾರುವ ದರ, ಎಷ್ಟೋ ವೇಳೆ ಸಣ್ಣ ಅಂಗಡಿಯವನು ಕೊಳ್ಳುವ ದರಕ್ಕಿಂತಲೂ ಕಡಿಮೆ ಇರುತ್ತದೆ. 2021ರ ಕೊನೆಯಲ್ಲಿ ದೇಶದ ವಿತರಕರ ಒಕ್ಕೂಟವು ಇದೇ ದರವ್ಯತ್ಯಾಸವನ್ನು ಪ್ರತಿಭಟಿಸಿ ದೊಡ್ಡ ಕಂಪೆನಿಗಳ ವಿರುದ್ಧ ಅಸಹಕಾರ ಹೂಡಿತ್ತು. ಇನ್ನೊಂದು ಉಪಾಯವೂ ಇದೆ. ಸಕ್ಕರೆ, ಎಣ್ಣೆಯಂತಹ ಎಲ್ಲರಿಗೂ ದರ ಗೊತ್ತಿರುವ ಕೆಲವು ಸಾಮಾನುಗಳನ್ನು ಬಹಳ ಅಗ್ಗಕ್ಕೆ ಇಟ್ಟು ಜನರನ್ನು ಒಳಗೆ ಕರೆದು, ದರ ಗೊತ್ತಿಲ್ಲದ ನೂರು ಸಾಮಾನುಗಳಲ್ಲಿ ಲಾಭವನ್ನು ತುಂಬಿಕೊಳ್ಳುವುದು.

ಆದರೆ ದೊಡ್ಡದೆಲ್ಲವೂ ಶಾಶ್ವತವೆಂದು ತಿಳಿಯಬೇಡಿ. ಸುಭಿಕ್ಷಾ ಸಾವಿರಕ್ಕೂ ಹೆಚ್ಚು ಮಳಿಗೆಗಳನ್ನು ತೆರೆದು 2009ರಲ್ಲಿ ಕುಸಿದು ಬಿದ್ದಿತು. ಬಿಗ್ ಬಜಾರ್‌ನ ಕಂಪೆನಿಯು ಸಾಲದ ಹೊರೆಯಿಂದ ನೆಲಕಚ್ಚಿ, 2022ರಲ್ಲಿ ಅದರ ಅನೇಕ ಮಳಿಗೆಗಳು ರಿಲಯನ್ಸ್ ಕೈಗೆ ಹೋದವು. ಬಡ್ಡಿಯ ಸಾಲದ ಮೇಲೆ ಕಟ್ಟಿದ ಅರಮನೆಗಳು ಹೇಗೆ ಮುಗಿಯುತ್ತವೆ ಎಂಬುದಕ್ಕೆ ದೂರ ಹೋಗಿ ಉದಾಹರಣೆ ಹುಡುಕಬೇಕಾಗಿಲ್ಲ. 2023ರಲ್ಲಿ ಮೆಟ್ರೋದ ಭಾರತದ ವ್ಯಾಪಾರವನ್ನೂ ರಿಲಯನ್ಸ್ 2,850 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಹೀಗೆ ಅನೇಕ ಸಣ್ಣ ಅಂಗಡಿಗಳಿಗೆ ಸರಕು ಕೊಡುವವನೂ ಅವರೊಂದಿಗೆ ಸ್ಪರ್ಧಿಸುವವನೂ ಒಬ್ಬನೇ ಆದನು.

ಇಸ್ಲಾಮ್ ಏನು ಹೇಳುತ್ತದೆ?

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ದೂರ ಮಾಡಬೇಕು. ದೊಡ್ಡ ಅಂಗಡಿ ಇಡುವುದು ಹರಾಮ್ ಅಲ್ಲ, ಅಗ್ಗದಲ್ಲಿ ಸಿಗುವ ವಸ್ತುವನ್ನು ಕೊಳ್ಳುವುದು ಪಾಪವೂ ಅಲ್ಲ. ಅಲ್ಲಾಹನು ವ್ಯಾಪಾರವನ್ನು ಧರ್ಮಸಮ್ಮತಗೊಳಿಸಿದ್ದಾನೆ, ಬಡ್ಡಿಯನ್ನು ನಿಷೇಧಿಸಿದ್ದಾನೆ (ಅಲ್ ಬಕರ: 275). ಪರಸ್ಪರ ಸಮ್ಮತಿಯಿಂದ ನಡೆಯುವ ವ್ಯವಹಾರಕ್ಕೆ ಕುರ್‌ಆನ್ ಅನುಮತಿ ನೀಡಿದೆ (ಅನ್ನಿಸಾ: 29). ಒಮ್ಮೆ ಮದೀನಾದಲ್ಲಿ ಬೆಲೆ ಏರಿದಾಗ ದರ ನಿಗದಿ ಮಾಡಬೇಕೆಂದು ಜನರು ಕೇಳಿಕೊಂಡರು. ಪ್ರವಾದಿವರ್ಯರು(ಸ) ಅದಕ್ಕೆ ಒಪ್ಪಲಿಲ್ಲ. ಯಾರ ಹಕ್ಕನ್ನೂ ಕಸಿದ ಆರೋಪವಿಲ್ಲದೆ ಅಲ್ಲಾಹನನ್ನು ಭೇಟಿಯಾಗಲು ತಾನು ಬಯಸುತ್ತೇನೆಂದು ಅವರು ತಿಳಿಸಿದರು (ಅಬೂದಾವೂದ್, ತಿರ್ಮಿದಿ).

ಆದರೆ ಅವರು(ಸ) ಮಾರುಕಟ್ಟೆಯನ್ನು ಬಲಿಷ್ಠರ ಕೈಗೆ ಬಿಟ್ಟುಬಿಡಲೂ ಇಲ್ಲ. ಹಳ್ಳಿಯಿಂದ ಸರಕು ತರುವವರು ಪೇಟೆಯ ದರ ತಿಳಿಯುವ ಮೊದಲೇ ದಾರಿಯಲ್ಲಿ ಅವರನ್ನು ಎದುರುಗೊಂಡು ಕೊಂಡುಬಿಡುವುದನ್ನು ನಿಷೇಧಿಸಿದರು. ಬೆಲೆ ಏರಲೆಂದು ಧಾನ್ಯವನ್ನು ಬಚ್ಚಿಡುವವನು ಪಾಪಿಯೆಂದರು. ಕೊಳ್ಳುವ ಉದ್ದೇಶವಿಲ್ಲದೆ ದರ ಕೂಗಿ ಇತರರನ್ನು ಮೋಸಗೊಳಿಸುವುದನ್ನು ತಡೆದರು. ಒಬ್ಬನ ವ್ಯಾಪಾರದ ಮೇಲೆ ಇನ್ನೊಬ್ಬನು ವ್ಯಾಪಾರ ಮಾಡಬಾರದೆಂದರು. ಈ ಆದೇಶಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ತತ್ವ ಸ್ಪಷ್ಟವಾಗುತ್ತದೆ: ಮಾರುಕಟ್ಟೆ ಎಲ್ಲರದು. ಮಾಹಿತಿಯ ಬಲದಿಂದಾಗಲೀ ಹಣದ ಬಲದಿಂದಾಗಲೀ ದುರ್ಬಲನನ್ನು ಅಲ್ಲಿಂದ ಹೊರದೂಡುವ ಅಧಿಕಾರ ಯಾರಿಗೂ ಇಲ್ಲ. ಮಾರುಕಟ್ಟೆಯ ನಿಯಮ ಮಸೀದಿಯ ನಿಯಮದಂತೆ, ಮೊದಲು ಬಂದವನಿಗೆ ಆ ಜಾಗ ಎಂದು ಹ. ಉಮರ್(ರ) ಹೇಳಿದ್ದರೆಂದೂ ವರದಿಯಾಗಿದೆ.

ಯುದ್ಧವಿಲ್ಲದೆ ದೊರೆತ ಸೊತ್ತಿನಲ್ಲಿ ಅನಾಥರು, ದರಿದ್ರರು ಮತ್ತು ಪ್ರಯಾಣಿಕರಿಗೆ ಪಾಲಿಡುವಾಗ ಅಲ್ಲಾಹನು ಅದರ ಕಾರಣವನ್ನೂ ತಿಳಿಸಿದ್ದಾನೆ. ಸಂಪತ್ತು ಧನಿಕರ ನಡುವೆಯೇ ಸುತ್ತುತ್ತಿರಬಾರದು ಎಂಬುದೇ ಆ ಕಾರಣ (ಅಲ್ ಹಶ್ರ್: 7). ಬೀದಿಯ ಅಂಗಡಿಯಲ್ಲಿ ಖರ್ಚಾದ ಒಂದು ರೂಪಾಯಿಯ ಲಾಭಾಂಶವು ಆ ಊರಿನ ಹಾಲಿನವನಿಗೆ, ದರ್ಜಿಗೆ, ಮದ್ರಸದ ಉಸ್ತಾದರಿಗೆ, ಮಸೀದಿಯ ಪೆಟ್ಟಿಗೆಗೆ ತಲುಪುತ್ತದೆ. ದೂರದ ಕಂಪೆನಿಯ ಲಾಭ ಅದರ ಪಾಲುದಾರರಿಗೆ ಸೇರುತ್ತದೆ. ಎರಡೂ ಕಾನೂನುಬದ್ಧವೇ. ಆದರೆ ಮೊದಲನೆಯದು ಈ ಆಯತ್ತಿನ ಆಶಯಕ್ಕೆ ಹತ್ತಿರವೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಹ. ಉಮರ್(ರ) ಮತ್ತು ಒಣದ್ರಾಕ್ಷಿಯ ವ್ಯಾಪಾರಿ

ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಘಟನೆ ಇಮಾಮ್ ಮಾಲಿಕ್‌ರ(ರ) 'ಮುವತ್ತಾ'ದಲ್ಲಿದೆ. ಹಾತಿಬ್ ಬಿನ್ ಅಬೂ ಬಲ್‌ತಅ(ರ) ಎಂಬ ಸಹಾಬಿ ಮದೀನಾದ ಮಾರುಕಟ್ಟೆಯಲ್ಲಿ ಒಣದ್ರಾಕ್ಷಿ ಮಾರುತ್ತಿದ್ದರು. ಅಲ್ಲಿಗೆ ಬಂದ ಖಲೀಫ ಉಮರ್(ರ), ದರವನ್ನು ಹೆಚ್ಚಿಸಬೇಕು, ಇಲ್ಲವಾದರೆ ಈ ಮಾರುಕಟ್ಟೆಯಿಂದ ಸರಕನ್ನು ಎತ್ತಬೇಕು ಎಂದರು. ಗ್ರಾಹಕರಿಗೆ ಅಗ್ಗವಾಗಿ ಸಿಗುತ್ತಿರುವುದನ್ನು ಖಲೀಫರೇ ತಡೆಯುವುದೇ? ಮೇಲ್ನೋಟಕ್ಕೆ ಆಶ್ಚರ್ಯವೆನಿಸುತ್ತದೆ. ಒಬ್ಬನು ಎಲ್ಲರಿಗಿಂತ ಕೆಳಗಿನ ದರಕ್ಕೆ ಮಾರಿದರೆ ಉಳಿದವರು ನಷ್ಟಹೊಂದುತ್ತಾರೆ, ಹೊರಗಿನಿಂದ ಸರಕು ತರುವವರು ಬರುವುದನ್ನೇ ನಿಲ್ಲಿಸುತ್ತಾರೆ. ಕೊನೆಗೆ ಜನರಿಗೇ ತೊಂದರೆ. ಮಾಲಿಕೀ ವಿದ್ವಾಂಸರಲ್ಲಿ ಹಲವರು ಈ ಘಟನೆಯನ್ನು ಹೀಗೆಯೇ ಅರ್ಥೈಸಿದ್ದಾರೆ.

ಇಮಾಮ್ ಶಾಫಿಈ(ರ) ಇದೇ ಘಟನೆಯ ಮುಂದಿನ ಭಾಗವನ್ನೂ ಉಲ್ಲೇಖಿಸಿದ್ದಾರೆ. ತಾಇಫ್‌ನಿಂದ ಒಣದ್ರಾಕ್ಷಿ ತರುತ್ತಿದ್ದ ವರ್ತಕರ ತಂಡಕ್ಕೆ ಹಾತಿಬರ ದರದಿಂದ ಹಾನಿಯಾದೀತೆಂದು ಉಮರ್(ರ) ಭಾವಿಸಿದ್ದರು. ಆದರೆ ಮನೆಗೆ ಹೋದ ಬಳಿಕ ಆತ್ಮಾವಲೋಕನ ಮಾಡಿಕೊಂಡರು. ಆಮೇಲೆ ಸ್ವತಃ ಹಾತಿಬರ ಮನೆಗೆ ಹೋಗಿ, ತಾನು ಹೇಳಿದ್ದು ಆದೇಶವಲ್ಲ, ಊರಿನವರ ಹಿತಕ್ಕಾಗಿ ಹೇಳಿದ ಮಾತು, ನೀವು ಬಯಸಿದಲ್ಲಿ ಬಯಸಿದಂತೆ ಮಾರಬಹುದು ಎಂದು ತಿಳಿಸಿದರು. ಇದರ ಆಧಾರದಲ್ಲಿ ಶಾಫಿಈ ವಿದ್ವಾಂಸರು ದರದ ವಿಷಯದಲ್ಲಿ ವ್ಯಾಪಾರಿಯನ್ನು ಬಲವಂತಪಡಿಸಬಾರದೆಂದು ಅಭಿಪ್ರಾಯಪಟ್ಟರು.

ಇಮಾಮರುಗಳ ಈ ಭಿನ್ನಾಭಿಪ್ರಾಯದಲ್ಲಿ ನಮಗೆ ದೊಡ್ಡ ಪಾಠವಿದೆ. ಕಾನೂನು ಏನಿರಬೇಕೆಂಬುದರಲ್ಲಿ ಅವರು ಭಿನ್ನರಾದರು. ಆದರೆ ಒಂದು ದರದಿಂದ ಯಾರಿಗೆ ಲಾಭ, ಯಾರ ಜೀವನೋಪಾಯಕ್ಕೆ ಪೆಟ್ಟು ಎಂದು ಯೋಚಿಸುವುದು ವಿಶ್ವಾಸಿಯ ಕೆಲಸವೆಂಬುದು ಎರಡೂ ವರದಿಗಳಿಂದ ತಿಳಿಯುತ್ತದೆ. ಊರಿನವರ ಹಿತಕ್ಕೆಂದು ಹೇಳಿದೆ ಎಂಬ ಮಾತನ್ನು ಉಮರ್(ರ) ಹಿಂದಕ್ಕೆ ಪಡೆಯಲಿಲ್ಲ. ಸರಕಾರ ಮಾಡುವುದನ್ನು ಸರಕಾರ ಮಾಡಲಿ. ನಮ್ಮ ಚೀಲ ಎಲ್ಲಿ ತುಂಬಬೇಕೆಂಬ ತೀರ್ಮಾನ ಮಾತ್ರ ನಮ್ಮದೇ.

ಅಂಗಡಿಯವರಿಗೆ ಒಂದು ಮಾತು

ತಪ್ಪೆಲ್ಲವೂ ಗಿರಾಕಿಯದೆಂದರೆ ನ್ಯಾಯವಾಗದು. ಜನರು ಬೀದಿಯ ಅಂಗಡಿಯನ್ನು ಬಿಟ್ಟು ಹೋದುದಕ್ಕೆ ದರವೊಂದೇ ಕಾರಣವಲ್ಲ. ತೂಕದಲ್ಲಿ ಕೊರತೆ, ಅವಧಿ ಮುಗಿದ ಬಿಸ್ಕತ್ತು, ಮೇಲೆ ಒಳ್ಳೆಯದು ಕೆಳಗೆ ಹುಳುಕು, ಚಿಲ್ಲರೆಯ ಬದಲು ಚಾಕಲೇಟು, ಬೆಲೆ ಕೇಳಿದರೆ ಸಿಡುಕು, ಸಣ್ಣ ಮಗು ಬಂದರೆ ಹೆಚ್ಚು ದರ. ಇವು ಎಲ್ಲ ಅಂಗಡಿಗಳಲ್ಲೂ ಇಲ್ಲ, ಆದರೆ ಎಲ್ಲೂ ಇಲ್ಲವೆಂದು ಆಣೆ ಮಾಡಲು ಸಾಧ್ಯವೇ?

ಹ. ಶುಐಬ್(ಅ) ತಮ್ಮ ಜನಾಂಗವನ್ನು ಏಕದೇವಾರಾಧನೆಗೆ ಕರೆದ ಬೆನ್ನಿಗೇ ಅಳತೆ ಮತ್ತು ತೂಕವನ್ನು ಸರಿಯಾಗಿ ಕೊಡಬೇಕೆಂದು ಕರೆದರು (ಅಶ್ಶುಅರಾ: 181-183). ತಾನು ಅಳೆದುಕೊಳ್ಳುವಾಗ ಪೂರ್ತಿಯಾಗಿ ಪಡೆದು, ಕೊಡುವಾಗ ಕಡಿಮೆ ಮಾಡುವವರಿಗೆ ಅಲ್ ಮುತಫ್ಫಿಫೀನ್ ಅಧ್ಯಾಯದ ಆರಂಭದಲ್ಲೇ ವಿನಾಶದ ಎಚ್ಚರಿಕೆ ಇದೆ. ಪ್ರವಾದಿವರ್ಯರು(ಸ) ಒಮ್ಮೆ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ಒದ್ದೆಯಾಗಿತ್ತು. ಮಳೆಯಿಂದ ಒದ್ದೆಯಾಯಿತೆಂದು ವ್ಯಾಪಾರಿ ಹೇಳಿದಾಗ, ಅದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತು, ವಂಚಿಸುವವನು ನಮ್ಮವನಲ್ಲ ಎಂದರು (ಮುಸ್ಲಿಮ್). ಬಟ್ಟೆ ವ್ಯಾಪಾರಿಯಾಗಿದ್ದ ಇಮಾಮ್ ಅಬೂ ಹನೀಫರ(ರ) ಪಾಲುದಾರನು ದೋಷವಿದ್ದ ಬಟ್ಟೆಯನ್ನು ದೋಷ ಹೇಳದೆ ಮಾರಿದಾಗ, ಇಮಾಮರು ಬಂದ ಹಣವನ್ನೆಲ್ಲ ದಾನಮಾಡಿದರೆಂದು ಚರಿತ್ರೆಕಾರರು ಬರೆದಿದ್ದಾರೆ.

ದೊಡ್ಡ ಮಳಿಗೆಯ ಬೆಲೆಯೊಂದಿಗೆ ಸಣ್ಣ ಅಂಗಡಿ ಸ್ಪರ್ಧಿಸಲಾರದು. ಆದರೆ ಪ್ರಾಮಾಣಿಕತೆಯಲ್ಲಿ, ನಗುಮುಖದಲ್ಲಿ, ಶುಚಿತ್ವದಲ್ಲಿ ಸ್ಪರ್ಧಿಸಲು ಬಂಡವಾಳ ಬೇಕಿಲ್ಲ. ಸತ್ಯಸಂಧನೂ ನಂಬಿಗಸ್ತನೂ ಆದ ವ್ಯಾಪಾರಿಯು ಪ್ರವಾದಿಗಳು, ಸತ್ಯಸಂಧರು ಮತ್ತು ಹುತಾತ್ಮರ ಜೊತೆಗಿರುವನೆಂಬ ಶುಭವಾರ್ತೆ ತಿರ್ಮಿದಿಯಲ್ಲಿದೆ. ಇಂತಹ ಬಹುಮಾನವನ್ನು ಯಾವ ಕಂಪೆನಿ ತಾನೇ ಘೋಷಿಸೀತು?

ಲೆಕ್ಕ ಬರೆಯುವ ವಿಷಯವೂ ಇದರಲ್ಲಿ ಸೇರುತ್ತದೆ. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಫೋನಿನ ಮೂಲಕ ಪಡೆದ ಹಣದ ಆಧಾರದಲ್ಲಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ಸರಕು ಮಾರುವವರು ವರ್ಷಕ್ಕೆ 40 ಲಕ್ಷ ರೂಪಾಯಿಯ ವಹಿವಾಟು ದಾಟಿದರೆ ನೋಂದಣಿ ಮಾಡಿಸಬೇಕೆಂಬ ನಿಯಮವೇ ಅನೇಕರಿಗೆ ತಿಳಿದಿರಲಿಲ್ಲ. ತೆರಿಗೆಯಿಲ್ಲದ ಹಾಲು, ತರಕಾರಿ ಮಾರುವವರೂ ಗಾಬರಿಗೊಂಡರು. ಕೆಲವರು ನಗದು ಮಾತ್ರ ಎಂಬ ಚೀಟಿ ಅಂಟಿಸಿದರು. ಪ್ರತಿಭಟನೆಯ ಬಳಿಕ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಾಯಿಸಿಕೊಳ್ಳಬೇಕು ಎಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ತಿಳಿಸಿದರು. ವ್ಯವಹಾರವನ್ನು ಬರೆದಿಡಬೇಕೆಂಬ ಆಜ್ಞೆ ಕುರ್‌ಆನಿನ ಅತ್ಯಂತ ದೀರ್ಘ ಆಯತ್ತಿನಲ್ಲಿದೆ (ಅಲ್ ಬಕರ: 282). ಅದನ್ನು ಪಾಲಿಸಿದವನಿಗೆ ನೋಟಿಸು ಬಂದರೂ ತೋರಿಸಲು ಪುಸ್ತಕವಿರುತ್ತದೆ, ಪಾಲಿಸದವನಿಗೆ ಆತಂಕವೇ ಉಳಿಯುತ್ತದೆ.

ಗಿರಾಕಿಗಳಿಗೆ ಒಂದು ಮಾತು

ಈಗ ಆರಂಭದ ಕುಟುಂಬಕ್ಕೆ ಮರಳೋಣ. ಅವರು ದೊಡ್ಡ ಮಳಿಗೆಗೆ ಹೋದುದು ತಪ್ಪಲ್ಲ. ಕೈಯಲ್ಲಿ ಹಣವಿದ್ದೂ ಸಾಲ ತೀರಿಸದೆ ಹೋದುದು ತಪ್ಪು. ಸಾಮರ್ಥ್ಯವಿರುವವನು ಸಾಲ ತೀರಿಸಲು ತಡಮಾಡುವುದು ಅನ್ಯಾಯವೆಂದು ಪ್ರವಾದಿವರ್ಯರು(ಸ) ಸ್ಪಷ್ಟವಾಗಿ ಹೇಳಿದ್ದಾರೆ (ಬುಖಾರಿ, ಮುಸ್ಲಿಮ್). ಸಾಲ ಉಳಿಸಿ ಮರಣಹೊಂದಿದವನ ಜನಾಝ ತಂದಾಗ, ಅದನ್ನು ತೀರಿಸಲು ಏನೂ ಇಲ್ಲವೆಂದು ತಿಳಿದು ಅವರು(ಸ) ನಮಾಝಿನ ನೇತೃತ್ವ ವಹಿಸಲಿಲ್ಲ. ಹ. ಅಬೂ ಕತಾದ(ರ) ಆ ಸಾಲವನ್ನು ವಹಿಸಿಕೊಂಡ ನಂತರವೇ ನಮಾಝ್ ನಿರ್ವಹಿಸಿದರು. ಅಂಗಡಿಯ ಪುಸ್ತಕದಲ್ಲಿರುವ ನಮ್ಮ ಹೆಸರಿನ ಮುಂದಿನ ಮುನ್ನೂರು ರೂಪಾಯಿಯೂ ಸಾಲವೇ. ಅಂಗಡಿಯವನು ಸಂಕೋಚದಿಂದ ಕೇಳದಿರಬಹುದು, ಅಲ್ಲಾಹನು ಕೇಳದೆ ಬಿಡಲಾರನು.

ಇನ್ನೊಂದು ಮಗ್ಗುಲನ್ನೂ ನೋಡಿ. ನಿಜವಾಗಿಯೂ ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಕಾಲಾವಕಾಶ ನೀಡಬೇಕು, ಬಿಟ್ಟುಬಿಟ್ಟರೆ ಇನ್ನೂ ಉತ್ತಮ ಎಂದು ಕುರ್‌ಆನ್ ಹೇಳಿದೆ (ಅಲ್ ಬಕರ: 280). ಬೇರಾವ ದೊಡ್ಡ ಸತ್ಕರ್ಮವೂ ಇಲ್ಲದ ಒಬ್ಬ ವ್ಯಾಪಾರಿ, ಇಕ್ಕಟ್ಟಿನಲ್ಲಿರುವವರನ್ನು ಕಾಡಬೇಡಿರೆಂದು ತನ್ನ ಆಳುಗಳಿಗೆ ಹೇಳುತ್ತಿದ್ದುದರಿಂದಲೇ ಕ್ಷಮೆ ಪಡೆದನೆಂದು ಹದೀಸಿನಲ್ಲಿದೆ. ಈ ಆಯತ್ತಿನ ಮೇಲೆ ಬಾಳುವವನು ಯಾರು? ದೊಡ್ಡ ಮಳಿಗೆಯ ಗಲ್ಲಾದಲ್ಲಿ ಕುಳಿತ ನೌಕರನಿಗೆ ಒಂದು ರೂಪಾಯಿ ಬಿಡುವ ಅಧಿಕಾರವೂ ಇಲ್ಲ. ನಿಮ್ಮ ಗೂಡು ಯಾವಾಗ ಮಾರಾಟವಾಗುತ್ತದೆ, ಮನೆಯಲ್ಲಿ ಯಾರಿಗೆ ಕಾಯಿಲೆ, ಮಗಳ ನಿಕಾಹ್ ಯಾವ ತಿಂಗಳು ಎಂಬುದೆಲ್ಲ ಗೊತ್ತಿರುವುದು ಬೀದಿಯ ಅಂಗಡಿಯವನಿಗೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ದುಡಿಮೆ ನಿಂತಾಗ ಎಷ್ಟೋ ಮನೆಗಳಿಗೆ ಅಕ್ಕಿ ಬಂದುದು ಇಂತಹವರ ಪುಸ್ತಕದ ಮೇಲೆಯೇ. ಅಂದು ನಮ್ಮನ್ನು ಕಾಪಾಡಿದವರನ್ನು ಇಂದು ಮರೆಯುವುದು ಕೃತಘ್ನತೆಯಲ್ಲವೇ? ಆ ಅಂಗಡಿ ಮುಚ್ಚಿದರೆ ಅನುಕೂಲಸ್ಥನಿಗೆ ನಷ್ಟವಿಲ್ಲ. ಬಸ್ಸಿನ ಖರ್ಚೂ ಇಲ್ಲದ ವೃದ್ಧೆಗೆ, ಐದು ರೂಪಾಯಿಯ ಎಣ್ಣೆ ಕೊಳ್ಳುವ ಕೂಲಿಯವಳಿಗೆ, ವಿಧವೆಗೆ ನಷ್ಟ. ಇವರು ಮುಸ್ಲಿಮರಿರಬಹುದು, ಇತರ ಧರ್ಮದವರಿರಬಹುದು. ನೆರೆಯವರ ಹಕ್ಕಿನಲ್ಲಿ ಆ ಭೇದವಿಲ್ಲ. ಅಂಗಡಿಯವನು ಶೆಟ್ಟರಾದರೂ ಗೌಡರಾದರೂ ಅವನ ಹಕ್ಕು ಅಷ್ಟೇ.

ದುಂದುವೆಚ್ಚದ ಬಗ್ಗೆಯೂ ಎಚ್ಚರವಿರಲಿ. ಹತ್ತು ರೂಪಾಯಿ ಉಳಿಸಲು ಹೋಗಿ ಬೇಡದ ಮುನ್ನೂರು ರೂಪಾಯಿಯ ಸಾಮಾನು ತರುವುದು ಉಳಿತಾಯವಲ್ಲ. ದುಂದುಗಾರರನ್ನು ಕುರ್‌ಆನ್ ಶೈತಾನನ ಸಹೋದರರೆಂದು ಕರೆದಿದೆ (ಬನೀ ಇಸ್ರಾಈಲ್: 27). ಬೇಕಾದುದನ್ನು ಮನೆಯಲ್ಲೇ ಬರೆದುಕೊಂಡು ಹೋಗುವ ಗೃಹಿಣಿಯ ಚೀಟಿ ಅರ್ಧ ಆಪತ್ತನ್ನು ತಪ್ಪಿಸುತ್ತದೆ.

ನಾವು ಏನು ಮಾಡಬಹುದು?

ಮೊದಲನೆಯದಾಗಿ, ಈ ತಿಂಗಳು ಹಣ ಕೈಗೆ ಬಂದ ದಿನ ಮೊದಲು ಅಂಗಡಿಯ ಬಾಕಿ ತೀರಿಸಿ, ಆಮೇಲೆ ಬೇರೆ ಖರ್ಚು ಮಾಡಿ.

ಎರಡನೆಯದಾಗಿ, ಬಡವರು ಅಗ್ಗದಲ್ಲಿ ಕೊಳ್ಳಲಿ, ಅದು ಅವರ ಅಗತ್ಯ. ಅನುಕೂಲವಿರುವವರು ಮನೆಯ ಸಾಮಾನಿನ ಒಂದು ಪಾಲನ್ನಾದರೂ ನಗದು ಕೊಟ್ಟು ನೆರೆಯ ಅಂಗಡಿಯಲ್ಲಿ ಕೊಳ್ಳಲಿ. ಎರಡು ರೂಪಾಯಿ ಹೆಚ್ಚಾದರೆ ಅದು ನೆರೆಯವನ ಮನೆಯ ಅನ್ನವಾಯಿತೆಂದು ಭಾವಿಸಲಿ.

ಮೂರನೆಯದಾಗಿ, ಊರಿನ ಹತ್ತು ಅಂಗಡಿಯವರು ಒಟ್ಟುಗೂಡಿ ಸರಕು ತರಿಸಿದರೆ ವಿತರಕನೊಂದಿಗೆ ದರದ ಮಾತಾಡುವ ಬಲ ಬರುತ್ತದೆ. ಪರಸ್ಪರ ಗಿರಾಕಿಗಳನ್ನು ಸೆಳೆಯುವ ಜಗಳದಲ್ಲಿ ಇಬ್ಬರೂ ಸೋಲುತ್ತಾರೆ.

ನಾಲ್ಕನೆಯದಾಗಿ, ಜಮಾಅತಿನ ಹಿರಿಯರು ಬಡ್ಡಿರಹಿತ ಸಾಲದ ಒಂದು ಸಣ್ಣ ನಿಧಿಯನ್ನು ಸ್ಥಾಪಿಸಲಿ. ಸರಕಿಗೆ ಬಂಡವಾಳವಿಲ್ಲದೆ ದಿನಬಡ್ಡಿಯವರ ಬಲೆಗೆ ಬೀಳುವ ಸಣ್ಣ ವ್ಯಾಪಾರಿಗೆ ಐದು ಸಾವಿರ ರೂಪಾಯಿಯ ಕರ್ಝೆ ಹಸನ್ ಕೂಡ ದೊಡ್ಡ ಆಸರೆ.

ಐದನೆಯದಾಗಿ, ವ್ಯಾಪಾರಿಗಳೇ, ಇಂದು ರಾತ್ರಿ ಬಾಗಿಲು ಹಾಕುವ ಮೊದಲು ತಕ್ಕಡಿಯನ್ನು ಒಮ್ಮೆ ಪರೀಕ್ಷಿಸಿ, ಅವಧಿ ಮುಗಿದ ಸಾಮಾನನ್ನು ಕಪಾಟಿನಿಂದ ತೆಗೆದಿಡಿ.

ಇಷ್ಟು ಮಾಡಿದರೆ ಎಲ್ಲ ಅಂಗಡಿಗಳೂ ಉಳಿಯುತ್ತವೆಯೇ? ಹಾಗೆಂದು ಭರವಸೆ ಕೊಡಲಾಗದು. ಎಷ್ಟೋ ಅಂಗಡಿಗಳನ್ನು ಮುಂದುವರಿಸಲು ಮಕ್ಕಳೇ ಸಿದ್ಧರಿಲ್ಲ. ಕಾಲದೊಂದಿಗೆ ಕೆಲವು ಕಸುಬುಗಳು ಹೋಗುವುದೂ ಉಂಟು. ಜೀವನಾಧಾರ ನೀಡುವವನು ಅಲ್ಲಾಹನು, ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತೆರೆಯಲು ಅವನು ಸಮರ್ಥನು. ಆದರೆ ಒಂದು ಅಂಗಡಿ ನಮ್ಮ ತೀರದ ಬಾಕಿಯಿಂದ ಮುಚ್ಚಿದ್ದರೆ, ಅಥವಾ ತನ್ನದೇ ಕಳ್ಳ ತೂಕದಿಂದ ಮುಚ್ಚಿದ್ದರೆ, ಅದರ ಲೆಕ್ಕ ಬಾಗಿಲಿನೊಂದಿಗೆ ಮುಚ್ಚಿಹೋಗುವುದಿಲ್ಲ. ಅದು ತಕ್ಕಡಿ ತಪ್ಪದ ಒಂದು ದಿನಕ್ಕಾಗಿ ಕಾದಿರುತ್ತದೆ.

ಮಾರುವಾಗ, ಕೊಳ್ಳುವಾಗ ಮತ್ತು ಸಾಲ ಕೇಳುವಾಗ ಮೃದುವಾಗಿ ವರ್ತಿಸುವವನ ಮೇಲೆ ಅಲ್ಲಾಹನ ಕೃಪೆಯಿರಲೆಂದು ಪ್ರವಾದಿವರ್ಯರು(ಸ) ಪ್ರಾರ್ಥಿಸಿದ್ದಾರೆ (ಬುಖಾರಿ). ಆ ಪ್ರಾರ್ಥನೆಗೆ ಪಾತ್ರರಾಗುವ ಅವಕಾಶ ಪ್ರತಿದಿನವೂ ನಮ್ಮ ಬೀದಿಯ ಮೂಲೆಯಲ್ಲೇ ಇದೆ. ಅಲ್ಲಾಹನು ನಮ್ಮ ವ್ಯಾಪಾರಿಗಳಿಗೆ ಹಲಾಲ್ ಸಂಪಾದನೆಯಲ್ಲಿ ಸಮೃದ್ಧಿಯನ್ನೂ, ನಮ್ಮ ಮನೆಗಳಿಗೆ ಋಣಮುಕ್ತ ಜೀವನವನ್ನೂ ಕರುಣಿಸಲಿ. ಆಮೀನ್.